ನೂರಕ್ಕೆ ಐವತ್ತಾರು: ಜೋಶ್ ಅಲೆನ್‌ನನ್ನು ಅಳೆದ ಕಥೆ

ನೂರು ಸಲ ಚೆಂಡು ಎಸೆದರೆ ಐವತ್ತಾರು ಸಲ ಮಾತ್ರ ಅದು ತನ್ನವರ ಕೈ ಸೇರುತ್ತದೆ. ಉಳಿದ ನಲವತ್ತನಾಲ್ಕು ಸಲ ನೆಲಕ್ಕೆ ಬೀಳುತ್ತದೆ, ಗೆರೆಯಾಚೆ ಹೋಗುತ್ತದೆ, ಇಲ್ಲವೇ ಎದುರಾಳಿಯ ಪಾಲಾಗುತ್ತದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಆಟಗಾರ, ಜೋಶ್ ಅಲೆನ್‌ನ ಕಾಲೇಜು ಲೆಕ್ಕ ಇದು. ಸರಿಯಾಗಿ ಹೇಳಬೇಕೆಂದರೆ ಶೇ 56.2.

2018ರ ಏಪ್ರಿಲ್‌ನಲ್ಲಿ, ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಬಫಲೊ ಬಿಲ್ಸ್ ತಂಡ ಈ ಹುಡುಗನಿಗಾಗಿ ಮೂರು ಆಯ್ಕೆಗಳನ್ನು ಬಿಟ್ಟುಕೊಟ್ಟು ಏಳನೇ ಸರದಿಗೆ ಜಿಗಿಯಿತು. ಅಂಕಿಅಂಶ ನೋಡುವ ಬಹಳಷ್ಟು ಮಂದಿ ತಲೆ ಚಚ್ಚಿಕೊಂಡರು. 2024ರ ಋತುವಿನಲ್ಲಿ ಅದೇ ಹುಡುಗ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಅತ್ಯುತ್ತಮ ಆಟಗಾರ ಎನಿಸಿಕೊಂಡ.

ಹಾಗಾದರೆ ತಲೆ ಚಚ್ಚಿಕೊಂಡವರು ದಡ್ಡರೇ? ನನಗೆ ಹಾಗೆ ಅನಿಸುವುದಿಲ್ಲ. ಅವರ ಕೈಯಲ್ಲಿದ್ದ ಅಂಕಿ ಸುಳ್ಳಾಗಿರಲಿಲ್ಲ. ಅದನ್ನು ಓದಿದ ಬಗೆಯಲ್ಲಿ ಏನೋ ಬಿಟ್ಟುಹೋಗಿತ್ತು. ಏನದು ಎಂದು ಹುಡುಕುವುದೇ ಈ ಬರಹ.

ಈ ಆಟ ನೋಡದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಹೆಚ್ಚುಕಡಿಮೆ ಪ್ರತಿ ಯತ್ನದಲ್ಲೂ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ. ಎರಡೂವರೆ, ಮೂರು ಸೆಕೆಂಡಿನಲ್ಲಿ ಎದುರಾಳಿಯ ಬಲೆ ಎಲ್ಲಿ ಹರಿದಿದೆ ಎಂದು ನೋಡಿ ಅವನು ಎಸೆಯಬೇಕು, ಇಲ್ಲವೇ ಓಡಬೇಕು. ಅಷ್ಟರಲ್ಲಿ ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಕದ ನಾಲ್ಕೈದು ಜನ ಅವನ ಮೈಮೇಲೆ ಬೀಳಲು ಬರುತ್ತಿರುತ್ತಾರೆ. ಕಾಲೇಜು ಮುಗಿಸಿದ ಹುಡುಗರನ್ನು ತಂಡಗಳು ಡ್ರಾಫ್ಟ್‌ನಲ್ಲಿ ಆರಿಸಿಕೊಳ್ಳುತ್ತವೆ. ಐಪಿಎಲ್ ಹರಾಜಿನ ಹಾಗೆ ಹಣ ಕೂಗುವುದಿಲ್ಲ. ಹಿಂದಿನ ವರ್ಷ ಜಾಸ್ತಿ ಸೋತವರಿಗೆ ಮೊದಲ ಸರದಿ. ಆ ಸರದಿಯನ್ನೇ ತಂಡಗಳು ಕೊಟ್ಟು ತಂದು ವ್ಯಾಪಾರ ಮಾಡುತ್ತವೆ.

ಯಾರಿಗೂ ಬೇಡವಾದ ಹುಡುಗ

ಅಲೆನ್ ಹುಟ್ಟಿದ್ದು 1996ರಲ್ಲಿ. ಊರು ಕ್ಯಾಲಿಫೋರ್ನಿಯಾದ ಫೈರ್‌ಬಾ. ಹಾಲಿವುಡ್‌ಗೂ ಈ ಊರಿಗೂ ಯಾವ ನಂಟೂ ಇಲ್ಲ. ಸ್ಯಾನ್ ವಾಕೀನ್ ಕಣಿವೆಯ ಹೊಲಗಳ ನಡುವಿನ ಸಣ್ಣ ಊರು ಅದು. ಮನೆಯದು ಬೇಸಾಯ. ಹುಡುಗ ಫುಟ್‌ಬಾಲ್ ಜೊತೆಗೆ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಎಲ್ಲವನ್ನೂ ಆಡಿದ. ಹೈಸ್ಕೂಲ್ ಮುಗಿದಾಗ ಮೈ ಇನ್ನೂ ತುಂಬಿರಲಿಲ್ಲ. ಹತ್ತಿರದ ಫ್ರೆಸ್ನೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಎಂದರೆ ಆ ಮನೆಯವರಿಗೆ ಪ್ರಾಣ. ಆ ತಂಡವೂ ಕರೆಯಲಿಲ್ಲ. ದೊಡ್ಡ ಕಾಲೇಜು ಯಾವುದೂ ವಿದ್ಯಾರ್ಥಿವೇತನ ಕೊಡಲಿಲ್ಲ.

ಹೀಗಾಗಿ ರೀಡ್ಲಿ ಎಂಬ ಎರಡು ವರ್ಷದ ಜೂನಿಯರ್ ಕಾಲೇಜಿಗೆ ಸೇರಿದ. ಅಲ್ಲಿಂದ ದೇಶದ ಕೋಚ್‌ಗಳಿಗೆಲ್ಲ ಇಮೇಲ್ ಕಳಿಸಿದ, ತನ್ನ ಆಟದ ತುಣುಕು ಜೋಡಿಸಿ. ಕೊನೆಗೆ ಕರೆದದ್ದು ಎರಡೇ ಕಾಲೇಜು, ಈಸ್ಟರ್ನ್ ಮಿಷಿಗನ್ ಮತ್ತು ವಯೋಮಿಂಗ್. ವಯೋಮಿಂಗ್ ನೋಡಿ ಬರಲು ಹೋದ ಎಂದು ಗೊತ್ತಾದಾಗ ಈಸ್ಟರ್ನ್ ಮಿಷಿಗನ್ ತನ್ನ ಕರೆ ವಾಪಸ್ ತೆಗೆದುಕೊಂಡಿತು. ತಮಾಷೆ ಎಂದರೆ 2015ರಲ್ಲಿ ವಯೋಮಿಂಗ್ ಪರ ಮೊದಲ ಸಲ ಆರಂಭದಿಂದ ಆಡಿದ್ದು ಅದೇ ಈಸ್ಟರ್ನ್ ಮಿಷಿಗನ್ ವಿರುದ್ಧ. ಆ ಪಂದ್ಯದಲ್ಲೇ ಕಾಲರ್ ಬೋನ್ ಮುರಿದುಕೊಂಡ. ಆ ವರ್ಷ ಅಲ್ಲಿಗೆ ಮುಗಿಯಿತು.

ಈ ಹಿನ್ನೆಲೆಯನ್ನು ಕಣ್ಣೀರು ತರಿಸುವ ಕಥೆಯಾಗಿ ಟಿವಿಯವರು ಬಹಳ ಸಲ ಹೇಳಿದ್ದಾರೆ. ನನಗೆ ಅದು ಬೇಕಾಗಿರುವುದು ಬೇರೆ ಕಾರಣಕ್ಕೆ. ಅಮೆರಿಕದಲ್ಲಿ ಅನುಕೂಲಸ್ಥರ ಮನೆಯ ಕ್ವಾರ್ಟರ್‌ಬ್ಯಾಕ್ ಹುಡುಗರಿಗೆ ಹೈಸ್ಕೂಲಿನಿಂದಲೇ ಖಾಸಗಿ ಕೋಚ್ ಇರುತ್ತಾರೆ, ಬೇಸಿಗೆ ಶಿಬಿರಗಳಿರುತ್ತವೆ. ಪಾದ ಎಲ್ಲಿ ಊರಬೇಕು, ಸೊಂಟ ಯಾವಾಗ ತಿರುಗಬೇಕು ಎಂಬುದನ್ನೆಲ್ಲ ತಿದ್ದಿ ತೀಡಿರುತ್ತಾರೆ. ಅಲೆನ್‌ಗೆ ಅದು ಸಿಕ್ಕಿದ್ದು ತೀರಾ ಕಡಿಮೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೇಜಿನ ಮೇಲಿದ್ದ ಕಾಗದ

2018ರ ವಸಂತದಲ್ಲಿ ಯಾವ ತಂಡದ ಸ್ಕೌಟ್ (ಹೊಸ ಆಟಗಾರರನ್ನು ಅಳೆಯುವವ) ಆದರೂ ಮೊದಲು ನೋಡುತ್ತಿದ್ದದ್ದು ಮೈಕಟ್ಟು. 6 ಅಡಿ 5 ಅಂಗುಲ, 237 ಪೌಂಡ್, ಅಂದರೆ ಸುಮಾರು 107 ಕಿಲೋ. ಅಂಗೈ ಚಾಚಿದರೆ ಹತ್ತು ಅಂಗುಲಕ್ಕೂ ತುಸು ಜಾಸ್ತಿ. ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ ಅವನು ಎಸೆದ ಚೆಂಡಿನ ವೇಗ ಗಂಟೆಗೆ 62 ಮೈಲಿ, ಹತ್ತಿರ ಹತ್ತಿರ ನೂರು ಕಿಲೋಮೀಟರ್. 40 ಗಜ ಓಡಿದ್ದು 4.75 ಸೆಕೆಂಡಿನಲ್ಲಿ. ವಂಡರ್‌ಲಿಕ್ ಎಂಬ ಐವತ್ತು ಪ್ರಶ್ನೆಗಳ ಬುದ್ಧಿಪರೀಕ್ಷೆಯಲ್ಲಿ 37 ಅಂಕ ಎಂದು ಸುದ್ದಿಯಾಯಿತು. ಆ ಪರೀಕ್ಷೆಗೆ ಹನ್ನೆರಡೇ ನಿಮಿಷ ಇರುತ್ತದೆ, ಹಾಗಾಗಿ 37 ಒಳ್ಳೆಯ ಅಂಕವೇ. ಆದರೆ ಪ್ರಶ್ನೆಪತ್ರಿಕೆ ಮೈಮೇಲೆ ಬೀಳಲು ಬರುವುದಿಲ್ಲ ಅಲ್ವಾ. ಅದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ.

ಆಮೇಲೆ ಆಟದ ಲೆಕ್ಕ. ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಇಂಟರ್‌ಸೆಪ್ಷನ್. 2016ರಲ್ಲಿ 3,203 ಗಜ, 28 ಟಚ್‌ಡೌನ್, 15 ಇಂಟರ್‌ಸೆಪ್ಷನ್, ಶೇ 56.0. 2017ರಲ್ಲಿ 1,812 ಗಜ, 16 ಟಚ್‌ಡೌನ್, 6 ಇಂಟರ್‌ಸೆಪ್ಷನ್, ಶೇ 56.3.

ಇನ್ನೂ ಕೆಟ್ಟದ್ದು ದೊಡ್ಡ ತಂಡಗಳ ಎದುರಿನ ಆಟ. 2016ರಲ್ಲಿ ನೆಬ್ರಾಸ್ಕ ವಿರುದ್ಧ ಐದು ಇಂಟರ್‌ಸೆಪ್ಷನ್, 17-52ರ ಸೋಲು. 2017ರಲ್ಲಿ ಅಯೋವ ವಿರುದ್ಧ 40 ಎಸೆತಕ್ಕೆ 174 ಗಜ, 3-24ರ ಸೋಲು. ಅದೇ ತಿಂಗಳು ಆರೆಗನ್ ವಿರುದ್ಧ 24 ಎಸೆತದಲ್ಲಿ ಗುರಿ ಮುಟ್ಟಿದ್ದು 9, ಗಳಿಸಿದ್ದು ಬರೀ 64 ಗಜ. ಮೂರೂ ಪಂದ್ಯ ಸೇರಿಸಿದರೆ ಒಂದು ಟಚ್‌ಡೌನ್, ಎಂಟು ಇಂಟರ್‌ಸೆಪ್ಷನ್. ಸಣ್ಣ ತಂಡಗಳ ಎದುರು ಮಿಂಚಿ ದೊಡ್ಡವರ ಎದುರು ಮಂಕಾಗುವ ಆಟಗಾರರನ್ನು ನಾವು ಕ್ರಿಕೆಟ್‌ನಲ್ಲೂ ನೋಡಿದ್ದೇವೆ. ಇವನು ಸಣ್ಣವರ ಎದುರೂ ಅಂಥಾ ಮಿಂಚೇನೂ ಮಿಂಚಿರಲಿಲ್ಲ.

ಹಳೆಯ ಕೋಚ್ ಬಿಲ್ ಪಾರ್ಸೆಲ್ಸ್ ಹೆಸರಿನಲ್ಲಿ ಓಡಾಡುವ ಒಂದು ನಿಯಮಪಟ್ಟಿ ಇದೆ. ಅದರ ಪ್ರಕಾರ ಕಾಲೇಜಿನಲ್ಲಿ ಕನಿಷ್ಠ ಶೇ 60 ಪಾಸ್ ಗುರಿ ಸೇರಿರಬೇಕು. ಕಾಲೇಜಿನಲ್ಲಿ ಬರದ ನಿಖರತೆ ವೃತ್ತಿಪರ ಆಟದಲ್ಲಿ ಬರುವುದಿಲ್ಲ ಎಂಬುದು ಅದರ ಹಿಂದಿನ ನಂಬಿಕೆ. ಈ ನಂಬಿಕೆಗೆ ಗಟ್ಟಿ ಆಧಾರವೇ ಇತ್ತು. ಕೈಲ್ ಬೋಲರ್ ಕಾಲೇಜಿನಲ್ಲಿ ಶೇ 48ರ ಆಸುಪಾಸು, ಜೇಕ್ ಲಾಕರ್ ಸುಮಾರು ಶೇ 54. ಇಬ್ಬರಿಗೂ ತೋಳಿನಲ್ಲಿ ಬಲ ಇತ್ತು, ಇಬ್ಬರೂ ಮೊದಲ ಸುತ್ತಿನಲ್ಲಿ ಆಯ್ಕೆಯಾದರು, ಇಬ್ಬರೂ ನೆಲೆ ನಿಲ್ಲಲಿಲ್ಲ. ನಮ್ಮಲ್ಲೂ ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತೇವೆ. ಆ ಗಾದೆಯನ್ನು ಅಂಕಿಯಲ್ಲಿ ಬರೆದರೆ ಪಾರ್ಸೆಲ್ಸ್ ಪಟ್ಟಿಯೇ ಆಗುತ್ತದೆ.

ಅದೇ ವರ್ಷ ಬೇರೆ ಹುಡುಗರೂ ಇದ್ದರು. ಓಕ್ಲಹೋಮಾದ ಬೇಕರ್ ಮೇಫೀಲ್ಡ್ ಕೊನೆಯ ವರ್ಷ ಶೇ 70 ದಾಟಿದ್ದ, ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದಿದ್ದ. ಜೊತೆಗೆ ಯುಎಸ್‌ಸಿಯ ಸ್ಯಾಮ್ ಡಾರ್ನಾಲ್ಡ್. ಯುಸಿಎಲ್‌ಎಯ ಜೋಶ್ ರೋಸನ್ ಎಸೆಯುವ ಭಂಗಿ ಪಠ್ಯಪುಸ್ತಕದ ಚಿತ್ರದ ಹಾಗಿತ್ತು. ಲೂಯಿವಿಲ್‌ನ ಲಮಾರ್ ಜ್ಯಾಕ್ಸನ್‌ನನ್ನು ಹಿಡಿಯುವವರೇ ಇರಲಿಲ್ಲ, ಆದರೂ ರಿಸೀವರ್ (ಎಸೆದ ಚೆಂಡು ಹಿಡಿಯುವವ) ಆಗು ಎಂದು ಅವನಿಗೆ ಬುದ್ಧಿ ಹೇಳಿದವರಿದ್ದರು.

ನಲವತ್ತನಾಲ್ಕು ತಪ್ಪುಗಳನ್ನು ಬಿಡಿಸುವುದು

ಪ್ರಕರಣದ ತಿರುಳು ಇಲ್ಲಿದೆ. ಶೇ 56 ಎಂಬುದು ಒಂದು ಮೊತ್ತ. ಅದರೊಳಗೆ ನಾಲ್ಕೈದು ಬೇರೆ ಬೇರೆ ಸಂಗತಿ ಕಲಸಿಕೊಂಡಿವೆ. ಮೊತ್ತ ನೋಡಿ ತೀರ್ಪು ಕೊಡುವ ಮುಂಚೆ ಅದನ್ನು ಬಿಡಿಸಬೇಕು.

ಮೊದಲನೆಯದು ಎಸೆತದ ದೂರ. ಕಾಲೇಜು ತಂಡಗಳು ಎರಡು ಗಜ, ಮೂರು ಗಜದ ಪಕ್ಕದ ಪಾಸ್‌ಗಳನ್ನು ಧಾರಾಳವಾಗಿ ಆಡುತ್ತವೆ. ಅವು ಹೆಚ್ಚುಕಡಿಮೆ ಎಲ್ಲವೂ ಕೈ ಸೇರುತ್ತವೆ, ಸರಾಸರಿ ತಾನಾಗಿ ಏರುತ್ತದೆ. ವಯೋಮಿಂಗ್ ಕೋಚ್ ಕ್ರೇಗ್ ಬೋಲ್ ಅವರದು ಎನ್‌ಎಫ್‌ಎಲ್ ಶೈಲಿಯ ಆಟ. ಓಟದ ನೆಪ ತೋರಿಸಿ ದೂರಕ್ಕೆ ಎಸೆಯುವುದು ಅಲ್ಲಿ ಜಾಸ್ತಿ. ಹಾಗಾಗಿ ಒಂದಷ್ಟು ಕೊರತೆ ಹುಡುಗನದ್ದಲ್ಲ, ಆಟದ ಬಗೆಯದ್ದು.

ಎರಡನೆಯದು ಜೊತೆಗಾರರು. 2016ರ ನಂತರ ಓಟಗಾರ ಬ್ರಯನ್ ಹಿಲ್, ರಿಸೀವರ್ ಟ್ಯಾನರ್ ಜೆಂಟ್ರಿ, ಟೈಟ್ ಎಂಡ್ ಜೇಕಬ್ ಹಾಲಿಸ್ಟರ್, ಸೆಂಟರ್ ಚೇಸ್ ರೂಲಿಯೆ, ನಾಲ್ವರೂ ಎನ್‌ಎಫ್‌ಎಲ್ ಕಡೆ ಹೋದರು. ಅಲೆನ್ ಕೂಡ ಆಗಲೇ ಹೋಗುವ ಯೋಚನೆ ಮಾಡಿ, ಇನ್ನೊಂದು ವರ್ಷ ಉಳಿದ. 2017ರ ಕಳಪೆ ಆಟಕ್ಕೆ ಅವನ ಪರ ವಾದಿಸುವವರು ಕೊಟ್ಟ ಮುಖ್ಯ ಕಾರಣ ಈ ವಲಸೆ. ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಆ ನಾಲ್ವರೂ ಇದ್ದ ವರ್ಷ ಶೇ 56.0, ಅವರಿಲ್ಲದ ವರ್ಷ ಶೇ 56.3. ಗಜಗಳು ಇಳಿದವು, ಟಚ್‌ಡೌನ್ ಇಳಿದವು, ಗುರಿ ಇದ್ದಲ್ಲೇ ಇತ್ತು. ಅಂದರೆ ಕಾಯಿಲೆ ಅವನ ಒಳಗೇ ಇತ್ತು.

ಮೂರನೆಯದು ಕಾಲು. ಅಲೆನ್ ಗುರಿ ತಪ್ಪಿದ ಎಸೆತಗಳನ್ನು ನೋಡಿದರೆ ಪಾದಗಳು ಎದ್ದು ಕಾಣುತ್ತವೆ. ಪಾದ ನೆಟ್ಟು, ಸೊಂಟ ತಿರುಗಿಸಿ, ಕೊನೆಗೆ ತೋಳು ಬರಬೇಕು. ಇವನ ತೋಳು ಎಷ್ಟು ಬಲದ್ದೆಂದರೆ ಮಿಕ್ಕದ್ದನ್ನು ಬಿಟ್ಟು ಬರೀ ತೋಳಿನಿಂದಲೇ ಐವತ್ತು ಗಜ ಎಸೆದುಬಿಡುತ್ತಿದ್ದ. ಕಾಲು ಸರಿ ಬಿದ್ದ ಎಸೆತ ದಾರ ಹಿಡಿದ ಹಾಗೆ ಹೋಗುತ್ತಿತ್ತು. ಬೀಳದ ದಿನ ಚೆಂಡು ರಿಸೀವರ್ ತಲೆಯ ಮೇಲೆ ಹಾರುತ್ತಿತ್ತು. ಎಷ್ಟು ಗುರಿ ತಪ್ಪಿದ ಎನ್ನುವುದಕ್ಕಿಂತ ಒಂದೇ ಕಾರಣಕ್ಕೆ ಮತ್ತೆ ಮತ್ತೆ ತಪ್ಪಿದನೇ ಎನ್ನುವುದು ಹೆಚ್ಚು ಹೇಳುತ್ತದೆ. ಒಂದೇ ಕಾರಣವಿದ್ದರೆ ತಿದ್ದಲು ದಾರಿ ಇರುತ್ತದೆ.

ನಾಲ್ಕನೆಯದು ಹುಂಬತನ. ಐದು ಗಜದಲ್ಲಿ ಜೊತೆಗಾರ ಖಾಲಿ ನಿಂತಿದ್ದರೂ ಇವನ ಕಣ್ಣು ನಲವತ್ತು ಗಜದಾಚೆ. ಇಬ್ಬರು ಸೊಂಟ ಹಿಡಿದು ಎಳೆಯುತ್ತಿದ್ದರೂ ಎಸೆಯುವ ಹಠ. ನೆಬ್ರಾಸ್ಕ ಪಂದ್ಯದ ಐದು ಇಂಟರ್‌ಸೆಪ್ಷನ್‌ಗಳನ್ನು ನಾನು ತೋಳಿನ ಖಾತೆಗಿಂತ ಈ ಖಾತೆಗೇ ಹೆಚ್ಚು ಬರೆಯುತ್ತೇನೆ.

ಈಗ ಮೊದಲು ನೆನಪಿಟ್ಟುಕೊಳ್ಳಿ ಎಂದ ವಿಷಯಕ್ಕೆ ಬರೋಣ. ನಮ್ಮಲ್ಲಿ ಪಿಯುಸಿ ಫಲಿತಾಂಶ ಬಂದಾಗ ಬೆಂಗಳೂರಿನಲ್ಲಿ ಮೂರು ಕಡೆ ಟ್ಯೂಷನ್‌ಗೆ ಹೋಗಿ 70 ತಂದವನನ್ನೂ, ಕೆಮಿಸ್ಟ್ರಿ ಮೇಷ್ಟ್ರೇ ಇಲ್ಲದ ಹಳ್ಳಿ ಕಾಲೇಜಿನಲ್ಲಿ ಓದಿ 56 ತಂದವನನ್ನೂ ಒಂದೇ ಪಟ್ಟಿಯಲ್ಲಿ ಬರೆಯುತ್ತಾರೆ. ಅಂಕ ಎರಡೂ ನಿಜವೇ. ಆದರೆ 70ರವನು ತನ್ನ ಪಾಲಿನ ತಿದ್ದುವಿಕೆಯನ್ನೆಲ್ಲ ಪಡೆದು ಅಲ್ಲಿಗೆ ಬಂದಿದ್ದಾನೆ. 56ರವನಿಗೆ ಅದು ಇನ್ನೂ ಸಿಗಬೇಕಿದೆ. ಅಲೆನ್ ಎರಡನೆಯ ಬಗೆ. ರೋಸನ್ ಮೊದಲನೆಯ ಬಗೆ.

ಹಾಗಂತ ಹಳ್ಳಿ ಕಾಲೇಜಿನಲ್ಲಿ 56 ತಂದವರೆಲ್ಲ ಮುಂದೆ 90 ತರುತ್ತಾರೆ ಎಂದಲ್ಲ. ಅಲ್ಲೇ ನಿಲ್ಲುವವರೇ ಜಾಸ್ತಿ. ಅದಕ್ಕೇ ಇನ್ನೊಂದು ಕಡೆ ನೋಡಬೇಕು, ಕಲಿಯುವ ಬುದ್ಧಿ ಇದೆಯೇ ಎಂದು. 2017ರ ಕೊನೆಯಲ್ಲಿ ಅಲೆನ್‌ಗೆ ಭುಜದ ಪೆಟ್ಟಾಗಿ ಎರಡು ಪಂದ್ಯ ತಪ್ಪಿತು. ಡ್ರಾಫ್ಟ್ ಹತ್ತಿರದಲ್ಲಿದ್ದಾಗ ಅಂಥವರು ಕೊನೆಯ ಬೌಲ್ ಪಂದ್ಯ ಬಿಟ್ಟು ಮನೆಗೆ ಹೋದರೂ ಯಾರೂ ಬೈಯುವುದಿಲ್ಲ. ಇವನು ವಾಪಸ್ ಬಂದು ಸೆಂಟ್ರಲ್ ಮಿಷಿಗನ್ ವಿರುದ್ಧ ಆಡಿದ, ತಂಡ 37-14ರಲ್ಲಿ ಗೆದ್ದಿತು. ಇನ್ನೊಂದು ಕಡೆ, ಡ್ರಾಫ್ಟ್‌ಗೆ ಸ್ವಲ್ಪ ಮುಂಚೆ ಹೈಸ್ಕೂಲ್ ಕಾಲದ ಅವನ ಕೆಟ್ಟ ಟ್ವೀಟ್‌ಗಳು ಬೆಳಕಿಗೆ ಬಂದವು. ಅವನು ಕ್ಷಮೆ ಕೇಳಿದ. ಗುಣ ನೋಡುತ್ತೇವೆ ಎನ್ನುವವರು ಎರಡನ್ನೂ ತೂಗಬೇಕಾಗಿತ್ತು.

ಎಲ್ಲರೂ ಕಡಿಮೆ ಲೆಕ್ಕ ಹಿಡಿದದ್ದು ಅವನ ಓಟವನ್ನು. 2016ರಲ್ಲಿ 523 ಗಜ ಓಡಿ 7 ಟಚ್‌ಡೌನ್ ಮಾಡಿದ್ದ. ಗುರಿಯ ಜಗಳದಲ್ಲಿ ಇದು ಮೂಲೆ ಸೇರಿತು. ನಿಜವಾಗಿ ನೋಡಿದರೆ ಇದೇ ಅವನ ವಿಮೆ. ಎಸೆತ ಕಲಿಯುವವರೆಗೆ ಕಾಲು ಅವನ ಕೆಲಸ ಉಳಿಸಿತು.

ಬಫಲೊ ಯಾಕೆ?

1996ರ ಋತುವಿನ ನಂತರ ಜಿಮ್ ಕೆಲ್ಲಿ ನಿವೃತ್ತರಾದ ಮೇಲೆ ಬಿಲ್ಸ್‌ಗೆ ನೆಚ್ಚಬಹುದಾದ ಕ್ವಾರ್ಟರ್‌ಬ್ಯಾಕ್ ಸಿಕ್ಕಿರಲಿಲ್ಲ. ಹದಿನೇಳು ವರ್ಷ ಪ್ಲೇಆಫ್ ಕಂಡಿರಲಿಲ್ಲ, 2017ರಲ್ಲಿ ಕಷ್ಟಪಟ್ಟು ಕಂಡರು. ಜನರಲ್ ಮ್ಯಾನೇಜರ್ ಬ್ರ್ಯಾಂಡನ್ ಬೀನ್ ಮತ್ತು ಕೋಚ್ ಶಾನ್ ಮೆಕ್‌ಡರ್ಮಟ್ ಆರಂಭದಿಂದಲೂ ಮೇಲೇರುವ ಲೆಕ್ಕದಲ್ಲೇ ಇದ್ದರು. ಮೊದಲು ಕಾರ್ಡಿ ಗ್ಲೆನ್ ಎಂಬ ಲೈನ್‌ಮನ್‌ನನ್ನು ಸಿನ್ಸಿನಾಟಿಗೆ ಕೊಟ್ಟು 21ರಿಂದ 12ಕ್ಕೆ ಏರಿದರು. ಡ್ರಾಫ್ಟ್ ರಾತ್ರಿ 12, 53 ಮತ್ತು 56ನೇ ಆಯ್ಕೆಗಳನ್ನು ಟ್ಯಾಂಪಾ ಬೇಗೆ ಕೊಟ್ಟು 7ನ್ನು ಪಡೆದರು, ಜೊತೆಗೆ ಕೊಸರಿಗೆಂಬಂತೆ 255.

ಹವಾಮಾನವೂ ಒಂದು ಕಾರಣ. ಬಫಲೊ ಈರಿ ಸರೋವರದ ದಂಡೆಯ ಊರು. ಡಿಸೆಂಬರ್‌ನಲ್ಲಿ ಹಿಮ, ಮೈ ಕೊರೆಯುವ ಗಾಳಿ. ವಯೋಮಿಂಗ್‌ನ ಲ್ಯಾರಮಿ ಮೈದಾನ ಇರುವುದು 7,220 ಅಡಿ ಎತ್ತರದಲ್ಲಿ, ಗಾಳಿ ಅಲ್ಲೂ ಬಿಡುವುದಿಲ್ಲ. ದೊಡ್ಡ ಅಂಗೈ, ಗಾಳಿ ಸೀಳುವ ಎಸೆತ ಇರುವವನು ಈ ಊರಿಗೆ ಬೇಕು. ಮಯಾಮಿಯ ತಂಡಕ್ಕೆ ಇದೇ ಗುಣಕ್ಕೆ ಇಷ್ಟು ಬೆಲೆ ಇಲ್ಲ. ಒಬ್ಬನೇ ಹುಡುಗ, ಆದರೆ 32 ತಂಡಗಳಿಗೆ ಒಂದೇ ಬೆಲೆಯವನಲ್ಲ.

ಅಂತೂ ಆರಿಸಿದರು. ಮುಂದಿನ ಮೂರು ವರ್ಷದ ಲೆಕ್ಕ ಹೀಗಿದೆ.

2018ರಲ್ಲಿ ಶೇ 52.8. ಕಾಲೇಜಿಗಿಂತಲೂ ಕಡಿಮೆ. 10 ಟಚ್‌ಡೌನ್, 12 ಇಂಟರ್‌ಸೆಪ್ಷನ್. ನೋಡಿ, ನಾವು ಹೇಳಲಿಲ್ಲವಾ ಎಂದರು ಹಲವರು. ಆದರೆ 631 ಗಜ ಓಡಿ 8 ಟಚ್‌ಡೌನ್ ಮಾಡಿದ. ಎದುರಿಗೆ ಬಂದ ಮಿನ್ನೆಸೋಟಾದ ಆಂಥನಿ ಬಾರ್‌ನನ್ನು ಹಾರಿ ದಾಟಿದ್ದು ಅದೇ ವರ್ಷ.

2019ರಲ್ಲಿ ಶೇ 58.8. ತಂಡ ಅವನಿಗಾಗಿ ಸೆಂಟರ್ ಮಿಚ್ ಮೋರ್ಸ್, ರಿಸೀವರ್‌ಗಳಾದ ಜಾನ್ ಬ್ರೌನ್, ಕೋಲ್ ಬೀಸ್ಲಿ ಅವರನ್ನು ತಂದಿತ್ತು. ಆಟ ಹೆಣೆಯುತ್ತಿದ್ದವರು ಬ್ರಯನ್ ಡೇಬಲ್, ಅವನ ಮೊದಲ ವರ್ಷದಿಂದಲೂ ಅವರೇ. ಎಳೆಯ ಕ್ವಾರ್ಟರ್‌ಬ್ಯಾಕ್‌ಗೆ ವರ್ಷಕ್ಕೊಬ್ಬ ಕೋಚ್ ಬದಲಾಗುವುದು ಈ ಲೀಗ್‌ನಲ್ಲಿ ಮಾಮೂಲು. ಅಲೆನ್‌ಗೆ ಆ ಶಾಪ ತಟ್ಟಲಿಲ್ಲ.

2020ರಲ್ಲಿ ಶೇ 69.2. 4,544 ಗಜ, 37 ಟಚ್‌ಡೌನ್, 10 ಇಂಟರ್‌ಸೆಪ್ಷನ್.

ಒಂದೇ ವರ್ಷದಲ್ಲಿ ಹತ್ತು ಅಂಶದ ಜಿಗಿತ! ಋತುವಿನ ಬಿಡುವಿನಲ್ಲಿ ಖಾಸಗಿ ಕೋಚ್ ಜೋರ್ಡನ್ ಪಾಮರ್ ಜೊತೆ ಸೊಂಟ, ತೋಳುಗಳ ಹೊಂದಾಣಿಕೆ ತಿದ್ದಿಕೊಂಡ. 2020ರ ಮಾರ್ಚ್‌ನಲ್ಲಿ ತಂಡ ಮೊದಲ ಸುತ್ತಿನ ಆಯ್ಕೆ ಕೊಟ್ಟು ಸ್ಟೆಫಾನ್ ಡಿಗ್ಸ್‌ನನ್ನು ತಂದಿತು. ಡಿಗ್ಸ್ ಆ ವರ್ಷ 127 ಪಾಸ್ ಹಿಡಿದು ಲೀಗ್‌ಗೇ ಮೊದಲಿಗನಾದ. ಎಷ್ಟು ಪಾಲು ತಿದ್ದಿಕೊಂಡ ಭಂಗಿಯದ್ದು, ಎಷ್ಟು ಡಿಗ್ಸ್‌ನದ್ದು, ಎಷ್ಟು ಡೇಬಲ್ ಅವರದ್ದು? ಬಿಡಿಸಿ ಹೇಳಲಾಗದು. ಯಾರಾದರೂ ಇಷ್ಟು ಪರ್ಸೆಂಟ್ ಎಂದು ಹೇಳಿದರೆ ಸುಮ್ನೆ ಕೇಳಿಸಿಕೊಂಡು ಮುಂದೆ ಹೋಗಿ.

ಪಠ್ಯಪುಸ್ತಕದ ಭಂಗಿಯ ರೋಸನ್‌ನನ್ನು ಅರಿಜೋನಾ 10ನೇ ಆಯ್ಕೆಯಲ್ಲಿ ತೆಗೆದುಕೊಂಡಿತು. ಒಂದೇ ವರ್ಷದಲ್ಲಿ ಕೋಚ್ ಬದಲಾದರು, ತಂಡ ಕೈಲರ್ ಮರ್ರಿಯನ್ನು ಆರಿಸಿತು, ರೋಸನ್‌ನನ್ನು ಮಯಾಮಿಗೆ ಸಾಗಿಸಿತು. ಅವನು ಎಲ್ಲೂ ಬೇರು ಬಿಡಲಿಲ್ಲ. ನ್ಯೂಯಾರ್ಕ್ ಜೆಟ್ಸ್‌ನಲ್ಲಿ ಸೋತು ಸುಣ್ಣವಾದ ಡಾರ್ನಾಲ್ಡ್, 2024ರಲ್ಲಿ ಮಿನ್ನೆಸೋಟಾದಲ್ಲಿ ಒಳ್ಳೆಯ ಕೋಚ್, ಒಳ್ಳೆಯ ರಿಸೀವರ್‌ಗಳು ಸಿಕ್ಕಾಗ 14 ಪಂದ್ಯ ಗೆಲ್ಲಿಸಿದ. ರಿಸೀವರ್ ಆಗು ಎನ್ನಿಸಿಕೊಂಡಿದ್ದ ಜ್ಯಾಕ್ಸನ್ 32ನೇ ಆಯ್ಕೆಯಾಗಿ ಬಾಲ್ಟಿಮೋರ್‌ಗೆ ಹೋಗಿ ಎರಡು ಸಲ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ, ಆದ. ಕಾಲೇಜಿನಲ್ಲಿ ಅವನದೂ ಶೇ 57ರ ಲೆಕ್ಕವೇ. ಬಾಲ್ಟಿಮೋರ್ ತನ್ನ ಆಟವನ್ನೇ ಅವನ ಓಟಕ್ಕೆ ತಕ್ಕಂತೆ ಕಟ್ಟಿತು.

ಹಾಗಾಗಿ ಈ ಹುಡುಗ ಚೆನ್ನಾಗಿದ್ದಾನಾ ಎಂಬ ಪ್ರಶ್ನೆಯೇ ಅರ್ಧದ್ದು. ಇವನ ತಪ್ಪಿಗೆ ಕಾರಣ ಏನು, ಅದನ್ನು ತಿದ್ದುವ ಜನ ನಮ್ಮಲ್ಲಿದ್ದಾರಾ, ಮೂರು ವರ್ಷ ತಾಳ್ಮೆ ನಮಗಿದೆಯಾ ಎಂದು ತಂಡ ತನ್ನನ್ನೇ ಕೇಳಿಕೊಳ್ಳಬೇಕು. ಸ್ಕೌಟ್ ಬರೆಯುವ ವರದಿಯಲ್ಲಿ ಹುಡುಗನ ಬಗ್ಗೆ ಹತ್ತು ಪುಟ ಇರುತ್ತದೆ, ತನ್ನ ತಂಡದ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಅಲೆನ್ ಗೆದ್ದದ್ದು ಬೇರೆಯವರಿಗೆ ದುಬಾರಿಯೂ ಆಯಿತು. 2023ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಫ್ಲಾರಿಡಾದ ಆಂಥನಿ ರಿಚರ್ಡ್‌ಸನ್‌ನನ್ನು ನಾಲ್ಕನೇ ಆಯ್ಕೆಯಾಗಿ ತೆಗೆದುಕೊಂಡಿತು. ಭಾರೀ ಮೈಕಟ್ಟು, ಸಿಡಿಲಿನಂಥ ತೋಳು, ಕಾಲೇಜಿನಲ್ಲಿ ಶೇ 55ಕ್ಕಿಂತ ಕಡಿಮೆ. ಮುಂದಿನ ಅಲೆನ್ ಎಂಬ ಮಾತು ಎಲ್ಲೆಡೆ ಕೇಳಿಬಂತು. ಆದರೆ ಅವನು ಕಾಲೇಜಿನಲ್ಲಿ ಆರಂಭದಿಂದ ಆಡಿದ್ದೇ 13 ಪಂದ್ಯ. ಅಲೆನ್ ಹೆಚ್ಚುಕಡಿಮೆ ಎರಡು ಋತು ಆಡಿ ತಪ್ಪು ಮಾಡಿದ್ದ, ಅವನ ತಪ್ಪುಗಳನ್ನು ಕೂತು ನೋಡಿ ವಿಂಗಡಿಸಬಹುದಿತ್ತು. ಇವನಲ್ಲಿ ವಿಂಗಡಿಸಲು ಸಾಕಷ್ಟು ತಪ್ಪುಗಳೇ ಇರಲಿಲ್ಲ. 2024ರಲ್ಲಿ ಅವನದು ಶೇ 47.7. ಋತುವಿನ ನಡುವೆ ಕೂರಿಸಿ ಜೋ ಫ್ಲ್ಯಾಕೊನನ್ನು ಆಡಿಸಿದರು.

ಬಫಲೊ ಕೂಡ ಎಲ್ಲ ಸಲ ಸರಿ ಅಳೆದ ತಂಡವೇನಲ್ಲ. ಒಂದು ವರ್ಷ ಹಿಂದೆ, 2017ರ ಡ್ರಾಫ್ಟ್‌ನಲ್ಲಿ ಅವರ ಕೈಯಲ್ಲಿ ಹತ್ತನೇ ಆಯ್ಕೆ ಇತ್ತು. ಬೀನ್ ಆಗಿನ್ನೂ ಬಂದಿರಲಿಲ್ಲ, ಮೆಕ್‌ಡರ್ಮಟ್ ಬಂದಿದ್ದರು. ಆ ಹತ್ತನ್ನು ಅವರು ಕ್ಯಾನ್ಸಸ್ ಸಿಟಿಗೆ ಮಾರಿದರು. ಕ್ಯಾನ್ಸಸ್ ಸಿಟಿ ಅದರಲ್ಲಿ ಆರಿಸಿದ್ದು ಟೆಕ್ಸಸ್ ಟೆಕ್‌ನ ಪ್ಯಾಟ್ರಿಕ್ ಮಹೋಮ್ಸ್‌ನನ್ನು. 2020, 2021, 2023 ಮತ್ತು 2024ರ ಋತುಗಳ ಪ್ಲೇಆಫ್‌ನಲ್ಲಿ ಅಲೆನ್‌ನನ್ನು ಮನೆಗೆ ಕಳಿಸಿದ್ದು ಅದೇ ಮಹೋಮ್ಸ್.